ಕುಂತಲ್ಲಿ ಕೂರದ ಮಗು: ಬೈಯುವ ಮುಂಚೆ, ಹೆಸರಿಡುವ ಮುಂಚೆ

ಪೇರೆಂಟ್ಸ್ ಮೀಟಿಂಗ್ ದಿನ ಟೀಚರ್ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ‘ನಿಮ್ಮ ಹುಡುಗ ಗಮನವೇ ಕೊಡಲ್ಲ. ಕುಂತಲ್ಲಿ ಕೂರಲ್ಲ, ಪಕ್ಕದವರನ್ನೂ ಓದೋಕೆ ಬಿಡಲ್ಲ.’ ಇದನ್ನು ಕೇಳಿಸಿಕೊಂಡು ಬಂದ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಸಂಜೆ ಹುಡುಗನಿಗೆ ಎರಡು ಬಾರಿಸುತ್ತಾರೆ. ಇಲ್ಲವೇ ರಾತ್ರಿ ಮೊಬೈಲಿನಲ್ಲಿ ಹುಡುಕಿ, ‘ಇದು ಎಡಿಎಚ್‌ಡಿ’ ಎಂದು ತಾವೇ ತೀರ್ಮಾನಿಸಿ ಕಂಗಾಲಾಗುತ್ತಾರೆ. ಎರಡು ಕಡೆಯೂ ಮಗುವನ್ನು ಕೂತು ನೋಡಿದವರು ಯಾರೂ ಇಲ್ಲ.

ಎಡಿಎಚ್‌ಡಿ ಎನ್ನುವುದು ಇದೆ, ಸುಳ್ಳಲ್ಲ. ಅದು ಗಮನ ನಿಲ್ಲದ, ಓಡಾಟ ದುಡುಕು ಅತಿಯಾಗುವ, ಮಿದುಳಿನ ಬೆಳವಣಿಗೆಗೆ ಸಂಬಂಧಪಟ್ಟ ತೊಂದರೆ. ಪ್ರಪಂಚದಲ್ಲಿ ನೂರಕ್ಕೆ ಸುಮಾರು 5 ಮಕ್ಕಳಿಗೆ ಇರುತ್ತದೆ ಎಂಬುದು ಒಪ್ಪಿತ ಅಂದಾಜು. ಆದರೆ ಬೋರ್ಡ್ ಸರಿಯಾಗಿ ಕಾಣದ ಮಗುವೂ ಗಮನ ಕೊಡುವುದಿಲ್ಲ. ನಿದ್ದೆ ಸಾಲದ ಮಗುವೂ ಅಷ್ಟೆ. ಪಾಠದ ಭಾಷೆ ಅರ್ಥವಾಗದ ಮಗು, ರಾತ್ರಿ ಮನೆಯಲ್ಲಿ ಜಗಳ ನೋಡಿ ಬಂದ ಮಗು, ಇವರೂ ಗಮನ ಕೊಡುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಅದಕ್ಕೇ ಏನನ್ನು ಮೊದಲು ನೋಡಬೇಕು, ಯಾರನ್ನು ಆಮೇಲೆ ಕೇಳಬೇಕು ಎಂಬ ಕ್ರಮ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

1. ವಯಸ್ಸಿಗೆ ತಕ್ಕ ಚೇಷ್ಟೆಯಾ ನೋಡಿ

ನಾಲ್ಕು ವರ್ಷದ ಮಗು ಒಂದೇ ಕಡೆ ಅರ್ಧ ಗಂಟೆ ಕೂತು ಅ ಆ ಇ ಈ ತಿದ್ದಬೇಕು ಎಂದು ಬಯಸಿದರೆ ತಪ್ಪು ಮಗುವಿನದಲ್ಲ. ಎಲ್‌ಕೆಜಿ ಮಗು ನಾಲ್ಕು ಪುಟ ಹೋಂವರ್ಕ್ ಮಾಡಲಿಲ್ಲ ಎಂದು ಡೈರಿಯಲ್ಲಿ ಕೆಂಪು ಶಾಯಿ ಬರೆಯುವ ಶಾಲೆಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಅಲ್ಲಿ ತೊಂದರೆ ಇರುವುದು ಹೋಂವರ್ಕಿನಲ್ಲಿ.

ಇನ್ನೊಂದು ವಿಷಯ. ನಿಮ್ಮ ಮಗು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದಾ? ಒಂದು ವರ್ಷ ಉಳಿಯುತ್ತದೆ ಎಂದು ಬೇಗ ಸೇರಿಸಿಬಿಟ್ಟ ಮಕ್ಕಳು ಬಹಳ. ಆರು ವರ್ಷ ತುಂಬಿದ ಮಗುವಿನ ಪಕ್ಕ ಐದೂಕಾಲು ವರ್ಷದ ಮಗುವನ್ನು ಕೂರಿಸಿದರೆ ಚಿಕ್ಕದೇ ಚಂಚಲವಾಗಿ ಕಾಣುತ್ತದೆ. ತರಗತಿಯ ಅತಿ ಚಿಕ್ಕ ಮಕ್ಕಳಿಗೇ ಎಡಿಎಚ್‌ಡಿ ಎಂಬ ಹೆಸರು ಜಾಸ್ತಿ ಅಂಟುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ವಿಷಯ.

ಹಾಗಾದರೆ ಯಾವಾಗ ತಲೆ ಕೆಡಿಸಿಕೊಳ್ಳಬೇಕು? ವೈದ್ಯರು ಮುಖ್ಯವಾಗಿ ನೋಡುವ ಮಾತುಗಳು ಇವು. ಈ ನಡವಳಿಕೆ ಕನಿಷ್ಠ 6 ತಿಂಗಳಿಂದ ಇರಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಅಲ್ಲ, ಎರಡು ಕಡೆಯಾದರೂ ಕಾಣಬೇಕು. 12 ವರ್ಷಕ್ಕೂ ಮುಂಚೆಯೇ ಶುರುವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಓದು, ಗೆಳೆತನ, ದಿನದ ಬದುಕು ಅದರಿಂದ ಕೆಡುತ್ತಿರಬೇಕು. ಮನೆಯಲ್ಲಿ ಚಿನ್ನದಂಥ ಹುಡುಗ ಶಾಲೆಯಲ್ಲಿ ಮಾತ್ರ ಗಲಾಟೆ ಮಾಡುತ್ತಾನೆ ಅಂದರೆ ಮೊದಲು ಶಾಲೆಯಲ್ಲಿ ಏನಾಗುತ್ತಿದೆ ಎಂದು ಕೇಳಬೇಕು.

ಗಲಾಟೆ ಮಾಡದ ಮಕ್ಕಳನ್ನು ಮರೆಯಬೇಡಿ. ಎಡಿಎಚ್‌ಡಿಯಲ್ಲಿ ಒಂದು ಬಗೆ ಓಡಾಟ, ದುಡುಕು. ಇನ್ನೊಂದು ಬಗೆ ಬರೀ ಗಮನ ಜಾರುವುದು. ಎರಡೂ ಸೇರಿರುವುದು ಮೂರನೆಯದು. ಎರಡನೆಯ ಬಗೆಯವರು ಯಾರ ಕಣ್ಣಿಗೂ ಬೀಳುವುದಿಲ್ಲ. ಎಡಿಎಚ್‌ಡಿ ಇರುವ ಹೆಣ್ಣುಮಕ್ಕಳಲ್ಲಿ ಈ ಬಗೆ ಹೆಚ್ಚಾಗಿ ಕಾಣುತ್ತದೆ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾಳೆ, ಯಾರ ತಂಟೆಗೂ ಹೋಗುವುದಿಲ್ಲ. ಪೆನ್ಸಿಲ್ ದಿನಾ ಕಳೆಯುತ್ತಾಳೆ, ಬೋರ್ಡ್ ಮೇಲಿನದ್ದು ಅರ್ಧ ಬರೆದು ನಿಲ್ಲಿಸುತ್ತಾಳೆ, ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾಳೆ. ‘ಪಾಪ, ಮೆತ್ತಗಿನ ಹುಡುಗಿ, ಓದು ಅಷ್ಟಕ್ಕಷ್ಟೆ’ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ಹೈಸ್ಕೂಲಿಗೆ ಬಂದು ಫೇಲಾದಾಗಲೇ ಅವಳ ಕಡೆ ನೋಟ ಹರಿಯುವುದು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ‘ಮೊಬೈಲ್ ಕೊಟ್ರೆ ಎರಡು ಗಂಟೆ ಅಲ್ಲಾಡಲ್ಲ, ಆಮೇಲೆ ಗಮನ ಇಲ್ಲ ಅಂತ ಹೇಗೆ ಹೇಳ್ತೀರ?’ ಮೊಬೈಲ್ ಕ್ಷಣಕ್ಕೊಂದು ಹೊಸದು ತೋರಿಸುತ್ತದೆ. ಅಲ್ಲಿ ಗಮನವನ್ನು ಮಗು ಹಿಡಿದಿಟ್ಟುಕೊಳ್ಳಬೇಕಿಲ್ಲ, ಮೊಬೈಲೇ ಹಿಡಿದುಕೊಳ್ಳುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಿಗೆ ಕಷ್ಟ ಬರುವುದು ಬೇಸರ ತರುವ ಕೆಲಸಕ್ಕೆ ಗಮನವನ್ನು ಬೇಕೆಂದಾಗ ತಂದು ನಿಲ್ಲಿಸುವುದರಲ್ಲಿ. ಹಾಗಾಗಿ ಮೊಬೈಲ್ ಮುಂದೆ ಕೂರುತ್ತಾನೆ ಎಂಬುದರಿಂದ ತೊಂದರೆ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು.

2. ಎರಡು ವಾರ ಬರೆದಿಡಿ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಇದು. ಖರ್ಚು ಒಂದು ಸಣ್ಣ ನೋಟ್‌ಬುಕ್ ಅಷ್ಟೆ. ‘ಯಾವಾಗಲೂ ಹಠ’, ‘ದಿನಾ ಇದೇ ಗೋಳು’ ಎಂದು ಬರೆಯಬೇಡಿ. ಒಂದೊಂದು ಘಟನೆಗೂ ಮೂರು ವಿಷಯ ಬರೆಯಿರಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು. ಶಿಡ್ಲಘಟ್ಟ ಕಡೆಯ, ರೇಷ್ಮೆ ಹುಳು ಸಾಕುವ ಒಂದು ಮನೆಯ ನೋಟ್‌ಬುಕ್ ಅಂದುಕೊಳ್ಳಿ. ಹುಡುಗ ನಾಲ್ಕನೇ ಕ್ಲಾಸು. ಅಮ್ಮ ಬರೆಯುತ್ತಿದ್ದಾರೆ.

‘ಸೋಮವಾರ ಸಂಜೆ 6.30. ಮುಂಚೆ: ಟಿವಿ ಆರಿಸಿ ಮಗ್ಗಿ ಬರಿ ಅಂದೆ. ಆಗ: ಪೆನ್ಸಿಲ್ ಎಸೆದ, ಎದ್ದು ನೀರು ಕುಡಿದು ಬಂದ, ಎರಡು ಸಾಲು ಬರೆದ, ಕೈ ನೋವು ಅಂತ ಅತ್ತ. ಆಮೇಲೆ: ಅತ್ತೆ “ಬಿಡಮ್ಮ, ನಾಳೆ ಬರೀತಾನೆ” ಅಂದರು. ಪುಸ್ತಕ ಮುಚ್ಚಿದೆವು.’

‘ಬುಧವಾರ ಬೆಳಿಗ್ಗೆ 7.10. ಮುಂಚೆ: ಅಡುಗೆಮನೆಯಿಂದಲೇ ಕೂಗಿ, ಹಲ್ಲುಜ್ಜು, ಸ್ನಾನ ಮಾಡು, ಬ್ಯಾಗ್ ತುಂಬಿಸು ಅಂದೆ. ಆಗ: ಬ್ರಷ್ ಹಿಡಿದುಕೊಂಡು ಕೋಳಿ ನೋಡುತ್ತಾ ನಿಂತಿದ್ದ. ಆಮೇಲೆ: ಬೈದೆ. ವ್ಯಾನ್ ಬಂತು. ಬ್ಯಾಗ್ ನಾನೇ ತುಂಬಿಸಿದೆ.’

‘ಶನಿವಾರ ಮಧ್ಯಾಹ್ನ. ಮುಂಚೆ: ತಾತನ ಜೊತೆ ತೋಟಕ್ಕೆ ಹೋದ. ಆಗ: ಒಂದು ಗಂಟೆ ಹಿಪ್ಪುನೇರಳೆ ಸೊಪ್ಪು ಕಿತ್ತು ಬುಟ್ಟಿಗೆ ತುಂಬಿದ. ನಡುವೆ ಒಂದು ಸಲ ಮಾತ್ರ ಎದ್ದು ಹೋದ. ಆಮೇಲೆ: ತಾತ ಬೆನ್ನು ತಟ್ಟಿದರು.’

ಈ ಮೂರು ತುಣುಕಿನಲ್ಲೇ ಎಷ್ಟೊಂದು ಇದೆ ನೋಡಿ. ಸೋಮವಾರ ಅತ್ತಿದ್ದರಿಂದ ಬರೆಯುವ ಕೆಲಸ ತಪ್ಪಿತು. ಹುಡುಗ ಅದನ್ನು ಕಲಿತುಕೊಂಡ. ಬುಧವಾರ ಒಂದೇ ಉಸಿರಿನಲ್ಲಿ ಮೂರು ಕೆಲಸ ಹೇಳಿದ್ದು, ಅದೂ ದೂರದಿಂದ. ಶನಿವಾರ ಅದೇ ಹುಡುಗ ಒಂದು ಗಂಟೆ ಕೆಲಸ ಮಾಡಿದ. ಅಂದರೆ ತೊಂದರೆ ಇರುವುದು ಗಮನದಲ್ಲೋ, ಬರವಣಿಗೆಯಲ್ಲೋ? ಕೈ ನೋವು ಅನ್ನುವುದು ನೆಪವೋ, ನಿಜವೋ? ‘ಮಾತು ಕೇಳಲ್ಲ ಡಾಕ್ಟ್ರೇ’ ಎಂದು ಹೋದರೆ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಮನೆಯ ಪರಿಸ್ಥಿತಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೊಪ್ಪು ಹಾಕುವುದು, ಹಣ್ಣು ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು, ಊಟ ನಿದ್ದೆ ಎಲ್ಲ ಹಿಂದುಮುಂದು. ಟೊಮೆಟೊ ಕೊಯ್ಲಿನ ಸಮಯದಲ್ಲಿ ಕೋಲಾರದ ಮನೆಗಳಲ್ಲೂ ಇದೇ ಕಥೆ. ಮಗುವಿನ ರಂಪ ಆ ದಿನಗಳಲ್ಲೇ ಏರಿ, ಆಮೇಲೆ ಇಳಿಯುತ್ತದೆ ಅಂದರೆ ಅದಕ್ಕೆ ಕಾರಣ ಬೇರೆ.

3. ಗಮನ ಕೆಡಿಸುವ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ

ಮೊದಲು ಕಣ್ಣು, ಕಿವಿ. ಮಗು ಟಿವಿಗೆ ಅಂಟಿಕೊಂಡು ಕೂರುತ್ತದಾ, ಬೋರ್ಡ್ ಬಿಟ್ಟು ಪಕ್ಕದವರ ಪುಸ್ತಕ ನೋಡಿ ಬರೆಯುತ್ತದಾ? ಕಿವಿ ಸೋರುತ್ತಾ, ಹಿಂದಿನಿಂದ ಕರೆದರೆ ಗೊತ್ತಾಗುವುದಿಲ್ಲವಾ? ಕನ್ನಡಕದಿಂದ ಸರಿಹೋಗುವ ತೊಂದರೆಗೆ ವರ್ಷಗಟ್ಟಲೆ ಬೈಗುಳ ತಿಂದ ಮಕ್ಕಳಿದ್ದಾರೆ.

ಆಮೇಲೆ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ, ಬೆಳಿಗ್ಗೆ ಐದೂವರೆಗೆ ಡೈರಿಗೆ ಹಾಲು ಹಾಕುವ ಗದ್ದಲ, ಏಳೂಕಾಲಿಗೆ ಶಾಲೆ ವ್ಯಾನ್. ಲೆಕ್ಕ ಹಾಕಿ ನೋಡಿ. ದೊಡ್ಡವರಿಗೆ ನಿದ್ದೆ ಕಡಿಮೆಯಾದರೆ ತೂಕಡಿಸುತ್ತಾರೆ. ಮಕ್ಕಳು ಉಲ್ಟಾ, ಇನ್ನಷ್ಟು ಕುಣಿಯುತ್ತಾರೆ. ದಿನಾ ಗೊರಕೆ ಹೊಡೆದು ಬಾಯಲ್ಲಿ ಉಸಿರಾಡುವ ಮಗುವನ್ನು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಗ್ರಂಥಿ ಊದಿಕೊಂಡು ನಿದ್ದೆ ಕೆಡುತ್ತಿರಬಹುದು. ರಕ್ತಹೀನತೆ ಇದೆಯಾ ಎಂದು ಹಿಮೋಗ್ಲೋಬಿನ್ ನೋಡಿಸಿ. ಬೆಳಿಗ್ಗೆ ಏನೂ ತಿನ್ನದೆ ಹೋಗುವ ಮಗು ಹತ್ತೂವರೆಗೆ ಪಾಠ ಕೇಳುವುದಿಲ್ಲ. ಇದಕ್ಕೆ ಟೆಸ್ಟ್ ಬೇಕಾಗಿಲ್ಲ.

ಒಂದು ಸೂಕ್ಷ್ಮ ವಿಷಯ. ಕೆಲವು ಮಕ್ಕಳು ಮಾತಾಡುತ್ತಾ ಆಡುತ್ತಾ ಇದ್ದಂತೆ ಕೆಲವು ಸೆಕೆಂಡು ಗಕ್ಕನೆ ನಿಂತುಬಿಡುತ್ತಾರೆ. ಕಣ್ಣು ಒಂದೇ ಕಡೆ, ರೆಪ್ಪೆ ಪಟಪಟ. ಕರೆದರೂ ಮುಟ್ಟಿದರೂ ಗೊತ್ತಾಗುವುದಿಲ್ಲ. ಆಮೇಲೆ ಏನೂ ಆಗದವರಂತೆ ಮುಂದುವರಿಯುತ್ತಾರೆ. ಇದು ಹಗಲುಗನಸಲ್ಲ, ಒಂದು ಬಗೆಯ ಫಿಟ್ಸ್ ಇರಬಹುದು. ಕೈಕಾಲು ಒದರದ ಕಾರಣ ಯಾರಿಗೂ ಅನುಮಾನ ಬರುವುದಿಲ್ಲ. ಹಗಲುಗನಸಾದರೆ ಭುಜ ಮುಟ್ಟಿದ ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಹೀಗೆ ಆಗುವುದನ್ನು ಕಂಡರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಡಾಕ್ಟರಿಗೆ ತೋರಿಸಿ. ಇದಕ್ಕೆ ಒಳ್ಳೆಯ ಔಷಧಿ ಇದೆ.

ಇನ್ನು ಭಾಷೆ. ಇದು ನಮ್ಮ ಕಡೆಯ ವಿಶೇಷ, ಆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಇನ್ನೆಷ್ಟೋ ಮನೆಗಳಲ್ಲಿ ಉರ್ದು, ಕೆಜಿಎಫ್ ಕಡೆ ತಮಿಳು. ಬೀದಿಯಲ್ಲಿ ಕನ್ನಡ. ಶಾಲೆಗೆ ಹೋದರೆ ಇಂಗ್ಲಿಷ್ ಮೀಡಿಯಂ. ಐದು ವರ್ಷದ ಮಗುವಿಗೆ ಟೀಚರ್ ಹೇಳಿದ್ದರಲ್ಲಿ ಕಾಲು ಭಾಗ ತಿಳಿದರೆ ಹೆಚ್ಚು. ಉಳಿದ ಹೊತ್ತು ಅದು ಕಿಟಕಿ ನೋಡುತ್ತದೆ, ಪಕ್ಕದವನನ್ನು ಚಿವುಟುತ್ತದೆ. ಇನ್ನೇನು ಮಾಡಬೇಕು ಹೇಳಿ. ಎರಡು ಮೂರು ಭಾಷೆಯಲ್ಲಿ ಬೆಳೆಯುವುದು ಮಗುವಿಗೆ ಕೆಟ್ಟದ್ದೇನಲ್ಲ, ಅದರಿಂದ ಎಡಿಎಚ್‌ಡಿ ಬರುವುದೂ ಇಲ್ಲ. ಅರ್ಥವಾಗದ ಭಾಷೆಯಲ್ಲಿ ದಿನಕ್ಕೆ ಆರು ಗಂಟೆ ಕೂರಿಸಿ ಗಮನ ಅಳೆಯುವುದು ತಪ್ಪು, ಅಷ್ಟೆ. ಒಂದು ಸುಲಭದ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮಗುವಿಗೆ ತನ್ನ ಮನೆಮಾತಿನಲ್ಲಿ ಒಂದು ಕಥೆ ಹೇಳಿ, ಮಾರನೇ ದಿನ ಕೇಳಿ. ಸಾಲುಸಾಲಾಗಿ ಒಪ್ಪಿಸಿದರೆ ಗಮನಕ್ಕಿಂತ ಭಾಷೆಯ ಕಡೆ ಮೊದಲು ನೋಡಿ.

ಓದು ಬರಹದ್ದೇ ತೊಂದರೆ ಇರುವ ಮಕ್ಕಳೂ ಇದ್ದಾರೆ. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ, ಬರೆಯಲು ಹೇಳಿದರೆ ಒತ್ತಕ್ಷರ ತಪ್ಪು, ಅಕ್ಷರ ಬಿಟ್ಟುಹೋಗುವುದು, ಓದುವಾಗ ಊಹಿಸಿ ಹೇಳುವುದು. ಇದು ಕಲಿಕಾ ನ್ಯೂನತೆ ಇರಬಹುದು. ಎಡಿಎಚ್‌ಡಿ ಜೊತೆಗೇ ಬರುವುದೂ ಉಂಟು. ಮೇಲಿನ ನೋಟ್‌ಬುಕ್ಕಿನ ಹುಡುಗನ ವಿಷಯದಲ್ಲಿ ನಾನು ಮೊದಲು ಕೇಳುವುದು ಇದನ್ನೇ.

ಕೊನೆಗೆ ಭಯ. ಇದ್ದಕ್ಕಿದ್ದಂತೆ ಬದಲಾದ ಮಗುವಿನ ಬಗ್ಗೆ ಎಚ್ಚರ ಇರಲಿ. ಚೆನ್ನಾಗಿದ್ದ ಮಗು ಒಂದೇ ತಿಂಗಳಲ್ಲಿ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ, ಒಬ್ಬರನ್ನು ಕಂಡರೆ ಹೆದರಿದರೆ, ಶಾಲೆ ಅಂದರೆ ಹೊಟ್ಟೆನೋವು ಬಂದರೆ, ಯಾರೋ ಹೊಡೆಯುತ್ತಿದ್ದಾರಾ, ಕಾಡುತ್ತಿದ್ದಾರಾ, ಮುಟ್ಟಬಾರದಂತೆ ಮುಟ್ಟುತ್ತಿದ್ದಾರಾ ಎಂದು ಮೆಲ್ಲಗೆ ಕೇಳಿ. ಮಕ್ಕಳ ಸಹಾಯವಾಣಿ 1098. ಮನೆಯಲ್ಲಿ ಕುಡಿತ, ಹೊಡೆದಾಟ ಇದ್ದರೆ ಅದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಕಲಿತ ಮಾತನ್ನೇ ಮರೆಯುವುದು, ಸಾಯ್ತೀನಿ ಅನ್ನುವುದು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ನೋಟ್‌ಬುಕ್ ಬದಿಗಿಟ್ಟು ಅವತ್ತೇ ಹೊರಡಿ.

4. ಟೀಚರ್ ಜೊತೆ ಕೂತು ಮಾತಾಡಿ

ಮಗುವಿನ ಎದುರಿಗೆ ಬೇಡ, ಮೀಟಿಂಗ್ ದಿನದ ಸಾಲಿನಲ್ಲೂ ಬೇಡ. ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಕೇಳಿಕೊಳ್ಳಿ. ‘ಹೇಗಿದ್ದಾನೆ ಮಿಸ್?’ ಎಂದು ಕೇಳಿದರೆ ‘ತುಂಬಾ ತರಲೆ’ ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: ‘ಯಾವ ಪೀರಿಯಡ್‌ನಲ್ಲಿ ಜಾಸ್ತಿ ಮಿಸ್? ಬೆಳಿಗ್ಗೆನಾ, ಊಟ ಆದ್ಮೇಲಾ? ಬರೆಸುವಾಗಲಾ, ಬಾಯಲ್ಲಿ ಕೇಳುವಾಗಲಾ? ಯಾರ ಪಕ್ಕ ಕೂತಿದ್ದಾಗ ಸುಮ್ನಿರ್ತಾನೆ?’ ಸಾಧ್ಯವಾದರೆ ಅವರಿಂದ ಅರ್ಧ ಪುಟ ಬರೆಸಿಕೊಳ್ಳಿ. ಡಾಕ್ಟರಿಗೆ ಅದು ಬೇಕೇ ಬೇಕು.

ಸರ್ಕಾರಿ ಶಾಲೆಯ ಮಕ್ಕಳಲ್ಲಿ ಒಂದು ತಿರುವು ಗಮನಿಸಬೇಕು. ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ. ಮಕ್ಕಳು ಗುಂಪಾಗಿ ಕೂರುತ್ತಾರೆ, ಎದ್ದು ಹೋಗಿ ಕಾರ್ಡ್ ತರುತ್ತಾರೆ, ತಮ್ಮ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತುತ್ತಾರೆ. ಓಡಾಡುವ ಮಗುವಿಗೆ ಅದು ಒಗ್ಗಿಬಿಡುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲಾಗಿ ಕೂತು ಬೋರ್ಡ್ ನೋಡಿ ಬರೆಯಬೇಕು. ‘ಮೂರನೇ ಕ್ಲಾಸಿನವರೆಗೂ ಚೆನ್ನಾಗಿದ್ದ, ಈಗ ಕೆಟ್ಟುಹೋದ’ ಎಂಬ ದೂರಿನ ಹಿಂದೆ ಕೆಲವು ಸಲ ಇಷ್ಟೇ ಇರುತ್ತದೆ. ಎಡಿಎಚ್‌ಡಿ ಮೊದಲೇ ಇದ್ದು, ಈಗ ಎದ್ದು ಕಾಣುತ್ತಿರುವುದೂ ಆಗಿರಬಹುದು.

ಟೀಚರ್‌ಗೆ ಎಪ್ಪತ್ತು ಕೆಲಸ ಇರುತ್ತವೆ, ನಿಜ. ಆದರೆ ಕೆಲವನ್ನು ಕೇಳಿಕೊಂಡರೆ ಖರ್ಚಿಲ್ಲದೆ ಆಗುತ್ತದೆ: ಮುಂದಿನ ಬೆಂಚು, ಕಿಟಕಿ ಬಾಗಿಲಿನಿಂದ ದೂರ. ನಡುನಡುವೆ ಎದ್ದು ಓಡಾಡುವ ಸಣ್ಣ ಕೆಲಸ, ಅಂದರೆ ಸೀಮೆಸುಣ್ಣ ತರುವುದು, ಪುಸ್ತಕ ಹಂಚುವುದು. ಹತ್ತು ಲೆಕ್ಕದ ಬದಲು ಐದು. ಸೂಚನೆ ಕೊಡುವಾಗ ಹೆಸರು ಹಿಡಿದು ಕರೆಯುವುದು. ಆಟದ ಪೀರಿಯಡ್ ಕಿತ್ತುಕೊಳ್ಳುವ ಶಿಕ್ಷೆ ಮಾತ್ರ ಬೇಡ ಎಂದು ಹೇಳಿ. ಓಡಾಟ ಬೇಕೇ ಬೇಕಾದ ಮಗುವಿಗೆ ಅದು ಎರಡು ಪಟ್ಟು ಏಟು.

‘ಎರಡು ಹಾಕಿ ಸಾರ್, ನಾವೇನೂ ಅನ್ನಲ್ಲ’ ಎಂದು ಅನುಮತಿ ಕೊಟ್ಟು ಬರುವ ಅಪ್ಪಂದಿರಿಗೆ ಒಂದು ಮಾತು. ಆ ಅನುಮತಿ ಕೊಡುವ ಹಕ್ಕು ನಿಮಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯುವುದೂ, ಮನಸ್ಸಿಗೆ ಹಿಂಸೆ ಕೊಡುವುದೂ ನಿಷಿದ್ಧ. ಏಟಿನಿಂದ ಗಮನ ಬರುವುದಿಲ್ಲ, ಸುಳ್ಳು ಹೇಳುವುದು ಬರುತ್ತದೆ.

5. ಮನೆಯಲ್ಲಿ ಈಗಲೇ ಶುರು ಮಾಡಿ

ಎಡಿಎಚ್‌ಡಿ ಇರಲಿ ಬಿಡಲಿ, ಇವು ಕೆಲಸಕ್ಕೆ ಬರುತ್ತವೆ. ಡಾಕ್ಟರ ಚೀಟಿಗೆ ಕಾಯಬೇಕಿಲ್ಲ.

ಸೂಚನೆ ಕೊಡುವ ರೀತಿ ಬದಲಿಸಿ. ಒಳಗಿನಿಂದ ಕೂಗಬೇಡಿ. ಹತ್ತಿರ ಹೋಗಿ, ಭುಜ ಮುಟ್ಟಿ, ಮುಖ ನೋಡಿದ ಮೇಲೆ ಒಂದೇ ಕೆಲಸ ಹೇಳಿ. ‘ಪುಟ್ಟ, ಈಗ ಬ್ಯಾಗಿಗೆ ಪುಸ್ತಕ ಹಾಕು.’ ಅದಾದ ಮೇಲೆ ಮುಂದಿನದು. ‘ಹಾಕ್ತೀಯಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವ ಅವಕಾಶ ಕೊಟ್ಟಂತೆ.

ಓದಿಸುವುದನ್ನು ತುಂಡು ಮಾಡಿ. ಹತ್ತು ನಿಮಿಷ ಓದು, ಮೂರು ನಿಮಿಷ ಎದ್ದು ಬಾ. ಬಿಂದಿಗೆ ತುಂಬಿಸಿ ಬಾ, ನಾಯಿಗೆ ಅನ್ನ ಹಾಕಿ ಬಾ. ಟಿವಿ ಇರುವ ಕೋಣೆಯಲ್ಲಿ ಓದಲು ಕೂರಿಸಿ, ತಾವು ಧಾರಾವಾಹಿ ನೋಡುತ್ತಾ, ‘ಓದ್ಕೋ’ ಅನ್ನುವುದು ಯಾವ ನ್ಯಾಯ?

ಮೆಚ್ಚುಗೆ ನಿರ್ದಿಷ್ಟವಾಗಿರಲಿ. ‘ಗುಡ್ ಬಾಯ್’ ಅಂದರೆ ಯಾವುದಕ್ಕೆ ಎಂದು ಗೊತ್ತಾಗುವುದಿಲ್ಲ. ‘ಕರೆದ ಕೂಡಲೇ ಬಂದೆಯಲ್ಲ, ಖುಷಿಯಾಯ್ತು’ ಅಂದರೆ ಗೊತ್ತಾಗುತ್ತದೆ. ಇಂಥ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಬೈಗುಳವನ್ನೇ ಕೇಳಿರುತ್ತಾರೆ. ಹುಡುಕಿಯಾದರೂ ಮೆಚ್ಚಬೇಕು. ತಕ್ಷಣ ಮೆಚ್ಚಬೇಕು. ‘ಫಸ್ಟ್ ಬಂದ್ರೆ ಸೈಕಲ್’ ಎಂಬ ಆರು ತಿಂಗಳ ಆಚೆಯ ಆಸೆ ಇವರನ್ನು ಎಳೆಯುವುದಿಲ್ಲ. ಇವತ್ತು ಸಂಜೆಯ ಕ್ರಿಕೆಟ್ ಎಳೆಯುತ್ತದೆ.

ಹಠಕ್ಕೆ ಸೋಲದಿರುವುದು ಎಲ್ಲಕ್ಕಿಂತ ಕಷ್ಟ. ಅಂಗಡಿ ಮುಂದೆ ಬಿದ್ದು ಹೊರಳಾಡಿದಾಗ ಕುರ್ಕುರೆ ಕೊಡಿಸಿದರೆ ಹೊರಳಾಟಕ್ಕೆ ಬೆಲೆ ಕಟ್ಟಿದಂತೆ. ಕೊಡಿಸುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಹಠ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಇದು ಮೊದಲೇ ಗೊತ್ತಿರಲಿ. ಹೆಚ್ಚಿನವರು ಸೋಲುವುದು ಇಲ್ಲೇ. ಆ ಏರಿದ ಹಠಕ್ಕೆ ಸೋತರೆ ಮಗು ಕಲಿಯುವುದು ಇನ್ನೂ ಜೋರಾಗಿ ಅಳಬೇಕು ಎಂದು. ಹಾಗಾಗಿ ಶುರು ಮಾಡುವ ಮುಂಚೆ ಮನೆಯವರೆಲ್ಲ ಒಂದು ಮಾತಿಗೆ ಬರಬೇಕು. ಅಮ್ಮ ಬೇಡ ಅಂದಿದ್ದನ್ನು ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಡಿಸಿದರೆ ಎಲ್ಲ ನೀರಲ್ಲಿ ಹೋಮ. ಅಜ್ಜಿಯನ್ನು ದೂರಬೇಡಿ, ಅವರಿಗೂ ಒಂದು ಕೆಲಸ ಕೊಡಿ. ‘ಅತ್ತೆ, ರಾತ್ರಿ ಕಥೆ ನೀವೇ ಹೇಳಿ ಮಲಗಿಸಿ, ನಿಮ್ಮ ಹತ್ರ ಆದ್ರೆ ಸುಮ್ನೆ ಕೇಳ್ತಾನೆ’ ಅಂದರೆ ಬೇಡ ಅನ್ನುವ ಅಜ್ಜಿ ಇಲ್ಲ.

ಮೊಬೈಲ್ ಬಗ್ಗೆ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುವುದು ಇಷ್ಟು. 2 ವರ್ಷದೊಳಗೆ ಬೇಡವೇ ಬೇಡ. 2ರಿಂದ 5 ವರ್ಷದವರಿಗೆ ದೊಡ್ಡವರ ಜೊತೆಯಲ್ಲಿ, ದಿನಕ್ಕೆ ಒಂದು ಗಂಟೆ ಮೀರಬಾರದು. ಊಟ ಮಾಡಿಸಲು ಮೊಬೈಲ್ ಕೊಡುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿಸಿ. ಸಿಹಿ ತಿಂದರೆ ಚೇಷ್ಟೆ ಏರುತ್ತದೆ ಎಂಬ ನಂಬಿಕೆಗೆ ಸಂಶೋಧನೆಯ ಬೆಂಬಲ ಸಿಕ್ಕಿಲ್ಲ. ಹಲ್ಲು ಹಾಳಾಗುವುದು ಮಾತ್ರ ನಿಜ.

‘ನಿನ್ನ ಮುದ್ದಿನಿಂದಲೇ ಹೀಗಾದ’ ಎಂದು ತಾಯಿಯ ಮೇಲೆ ಹಾಕುವುದನ್ನು ಬಿಡಿ. ಎಡಿಎಚ್‌ಡಿ ಸಾಕುವ ರೀತಿಯಿಂದ ಬರುವುದಿಲ್ಲ. ಅದು ಹೆಚ್ಚಾಗಿ ವಂಶದಲ್ಲಿ ಹರಿದು ಬರುತ್ತದೆ. ‘ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ, ಈಗ ಏನಾಗಿದೆ?’ ಎಂದು ಅಪ್ಪ ಸಮರ್ಥನೆಗೆ ಹೇಳುತ್ತಾರಲ್ಲ, ಡಾಕ್ಟರಿಗೆ ಅದೇ ಮುಖ್ಯ ಸುಳಿವು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

6. ಎಲ್ಲಿಗೆ ಹೋಗಬೇಕು

ದೇವರಿಗೆ ಹರಕೆ ಹೊರುವುದು, ದರ್ಗಾದಲ್ಲಿ ತಾಯಿತ ಕಟ್ಟಿಸುವುದು ನಿಮ್ಮ ಮನಸ್ಸಿಗೆ ಸಮಾಧಾನ ಅಂದರೆ ಮಾಡಿಕೊಳ್ಳಿ. ಅಲ್ಲಿಗೇ ನಿಲ್ಲಿಸಬೇಡಿ. ಹೊಡೆದು ಬಡಿದು ಬಿಡಿಸುತ್ತೇವೆ ಅನ್ನುವವರ ಹತ್ತಿರ ಮಗುವನ್ನು ಬಿಡಬೇಡಿ. ಮಿಡ್‌ಬ್ರೈನ್ ಆಕ್ಟಿವೇಶನ್, ನೆನಪಿನ ಶಕ್ತಿಯ ಟಾನಿಕ್ ಎಂದು ಪ್ಯಾಂಪ್ಲೆಟ್ ಹಂಚುವವರ ಹತ್ತಿರವೂ ದುಡ್ಡು ಸುರಿಯಬೇಡಿ.

ಮೊದಲು ಮಕ್ಕಳ ಡಾಕ್ಟರ್. ಕಣ್ಣು, ಕಿವಿ, ರಕ್ತ ಎಲ್ಲ ನೋಡಿ ಮುಂದಕ್ಕೆ ಕಳಿಸುವವರು ಅವರು. ಸರ್ಕಾರಿ ದಾರಿಯೂ ಚೆನ್ನಾಗಿದೆ, ಗೊತ್ತಿರುವವರು ಕಡಿಮೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಅವರು ತಪಾಸಣೆ ಮಾಡುವ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ, ಕಲಿಕಾ ನ್ಯೂನತೆ ಎರಡೂ ಇವೆ. ತಂಡ ಬರುವ ದಿನ ಆಶಾ ಕಾರ್ಯಕರ್ತೆಯನ್ನೋ ಹೆಡ್‌ಮಾಸ್ಟರನ್ನೋ ಕೇಳಿ ತಿಳಿದುಕೊಳ್ಳಿ. ಅಲ್ಲಿಂದ ಮುಂದೆ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಬಾಯಿಮಾತಿನಲ್ಲಿ ಡಿಇಐಸಿ. ಕೋಲಾರದವರು ಎಸ್‌ಎನ್‌ಆರ್ ಆಸ್ಪತ್ರೆಯಲ್ಲಿ, ತುಮಕೂರು ಮತ್ತು ಚಿಕ್ಕಬಳ್ಳಾಪುರದವರು ತಮ್ಮ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ, ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮವೂ ರಾಜ್ಯದಲ್ಲಿದೆ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಯಾರನ್ನು ಕೇಳಬೇಕು ಎಂದೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜಿಲ್ಲೆಯಲ್ಲಿ ಉತ್ತರ ಸಿಗದಿದ್ದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೇ ಬೇರೆ ವಿಭಾಗವಿದೆ. ಮೊದಲ ಬಸ್ಸಿಗೆ ಹೊರಟು ಇಡೀ ದಿನ ಅಂದುಕೊಂಡೇ ಹೋಗಿ. ಕೂರಲಾಗದ ಮಗುವನ್ನು ಸಾಲಿನಲ್ಲಿ ಗಂಟೆಗಟ್ಟಲೆ ಕೂರಿಸುವುದು ಸುಲಭವಲ್ಲ. ಜೊತೆಗೆ ಇನ್ನೊಬ್ಬರು ಇರಲಿ, ಒಬ್ಬರು ಸಾಲಿನಲ್ಲಿ ನಿಂತರೆ ಇನ್ನೊಬ್ಬರು ಮಗುವನ್ನು ಓಡಾಡಿಸಬಹುದು. ಬುತ್ತಿ, ನೀರು, ಒಂದು ಚೆಂಡು, ಬಣ್ಣದ ಪೆನ್ಸಿಲ್ ಇರಲಿ. ಮಾತು ಸ್ಪಷ್ಟವಾಗದ, ಕಿವಿ ಕೇಳದ ಅನುಮಾನ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕೈಯಲ್ಲಿ ಇರಬೇಕಾದ್ದು: ನಿಮ್ಮ ನೋಟ್‌ಬುಕ್, ಟೀಚರ್ ಬರೆದುಕೊಟ್ಟ ಪುಟ, ಮಗುವಿನ ಎರಡು ಮೂರು ಶಾಲಾ ಪುಸ್ತಕ, ಮಾರ್ಕ್ಸ್ ಕಾರ್ಡ್, ತಾಯಿ ಕಾರ್ಡ್. ತಿಂಗಳು ತುಂಬಿ ಹುಟ್ಟಿತಾ, ಹುಟ್ಟಿದ ಕೂಡಲೇ ಅತ್ತಿತಾ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಾ, ಫಿಟ್ಸ್ ಬಂದಿತ್ತಾ, ಯಾವಾಗ ನಡೆಯಿತು, ಯಾವಾಗ ಮಾತಾಡಿತು ಎಂದು ಕೇಳುತ್ತಾರೆ. ಅಮ್ಮ ಅಪ್ಪ ಇಬ್ಬರೂ ಹೋದರೆ ಒಳ್ಳೆಯದು.

ಎಡಿಎಚ್‌ಡಿಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಡಾಕ್ಟರು ಮಾತಾಡಿಸಿ, ಮಗುವನ್ನು ನೋಡಿ, ಮನೆಗೂ ಶಾಲೆಗೂ ಪ್ರಶ್ನೆಗಳ ಫಾರಂ ಕೊಟ್ಟು ತೀರ್ಮಾನಕ್ಕೆ ಬರುತ್ತಾರೆ. ಬುದ್ಧಿಮಟ್ಟ, ಓದು ಬರಹದ ಪರೀಕ್ಷೆ ಬೇಕಾಗಬಹುದು. ಒಂದೇ ಭೇಟಿಯಲ್ಲಿ ಮುಗಿಯದಿದ್ದರೆ ಬೇಸರ ಬೇಡ. ಐದು ನಿಮಿಷದಲ್ಲಿ ಮುಗಿಸಿದರೆ ಅನುಮಾನ ಪಡಿ.

ಸರ್ಟಿಫಿಕೇಟ್ ವಿಷಯ ಒಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿಗೆ ಪ್ರತ್ಯೇಕ ಹೆಸರಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯದಂಥ ರಿಯಾಯಿತಿ ಬೇಕಿದ್ದರೆ ಜೊತೆಗೆ ಕಲಿಕಾ ನ್ಯೂನತೆ ಇದೆಯಾ ಎಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಹತ್ತನೇ ತರಗತಿಯ ಜನವರಿಯವರೆಗೆ ಕಾಯಬೇಡಿ, ಎಂಟರಲ್ಲೇ ಶುರು ಮಾಡಿ.

7. ಮಾತ್ರೆ ಬರೆದುಕೊಟ್ಟರೆ

6 ವರ್ಷದೊಳಗಿನ ಮಕ್ಕಳಿಗೆ ಮೊದಲು ಕೊಡುವುದು ಮಾತ್ರೆಯಲ್ಲ, ಅಪ್ಪ ಅಮ್ಮನಿಗೆ ತರಬೇತಿ. ಮೇಲೆ ಐದನೇ ಹೆಜ್ಜೆಯಲ್ಲಿ ಹೇಳಿದ್ದನ್ನೇ ಕ್ರಮವಾಗಿ ಕಲಿಸುತ್ತಾರೆ. ದೊಡ್ಡ ಮಕ್ಕಳಿಗೆ, ತೊಂದರೆ ಹೆಚ್ಚಿದ್ದರೆ, ತರಬೇತಿಯ ಜೊತೆ ಮಾತ್ರೆಯೂ ಸೇರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವುದು ಮೀಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸೆಟಿನ್. ಮೊದಲನೆಯದು ಕೊಟ್ಟ ದಿನವೇ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಕೆಲವು ವಾರ ಬೇಕು, ‘ಏನೂ ಆಗ್ಲಿಲ್ಲ’ ಎಂದು ಎಂಟನೇ ದಿನ ನಿಲ್ಲಿಸಬೇಡಿ.

‘ಮಂಕಾಗಿಬಿಡ್ತಾನಂತೆ, ಚಟ ಆಗುತ್ತಂತೆ’ ಎಂದು ಹೇಳುವವರು ಇದ್ದೇ ಇರುತ್ತಾರೆ. ಡಾಕ್ಟರು ಹೇಳಿದಷ್ಟು ಕೊಟ್ಟರೆ ಚಟವಾಗುವುದಿಲ್ಲ. ಮಗು ಮಂಕಾಗಿ ಕಂಡರೆ ಡೋಸ್ ಜಾಸ್ತಿಯಾಗಿರಬಹುದು, ಹೋಗಿ ಹೇಳಿ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ತಲೆನೋವು, ಹೊಟ್ಟೆನೋವು ಬರಬಹುದು. ಅದಕ್ಕೇ ಬೆಳಿಗ್ಗೆ ಮುದ್ದೆಯೋ ದೋಸೆಯೋ ಹೊಟ್ಟೆ ತುಂಬ ತಿನ್ನಿಸಿ ಮಾತ್ರೆ ಕೊಡಿ. ಮಧ್ಯಾಹ್ನ ಡಬ್ಬಿ ಹಾಗೇ ವಾಪಸ್ ಬಂದರೆ ಜಗಳ ಬೇಡ, ಸಂಜೆ ಹಸಿವು ಬಂದಾಗ ಗಟ್ಟಿಯಾಗಿ ಕೊಡಿ. ತೂಕ, ಎತ್ತರ, ನಾಡಿ, ಬಿಪಿ ಪ್ರತಿ ಭೇಟಿಯಲ್ಲೂ ನೋಡಬೇಕು, ನೋಡದಿದ್ದರೆ ನೀವೇ ಕೇಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇದ್ದರೆ ಮಾತ್ರೆ ಶುರು ಮಾಡುವ ಮುಂಚೆಯೇ ಹೇಳಬೇಕು. ರಜೆಯಲ್ಲಿ ಕೊಡಬೇಕಾ ಬೇಡವಾ ಎಂಬುದನ್ನೂ ಅವರನ್ನೇ ಕೇಳಿ. ಪಕ್ಕದ ಮನೆ ಹುಡುಗನಿಗೆ ಬರೆದದ್ದನ್ನು ನಿಮ್ಮವನಿಗೆ ಕೊಡಬೇಡಿ.

ನೋಟ್‌ಬುಕ್ಕನ್ನು ಈಗಲೂ ಬಿಡಬೇಡಿ. ಮಾತ್ರೆ ಶುರುವಾದ ದಿನ, ಡೋಸ್, ಹಸಿವು, ಮಲಗಿದ ಹೊತ್ತು, ಟೀಚರ್ ಹೇಳಿದ್ದು, ಇಷ್ಟು ಬರೆದರೆ ಡಾಕ್ಟರು ಡೋಸ್ ಏರಿಸಬೇಕಾ ಇಳಿಸಬೇಕಾ ಎಂದು ಊಹಿಸಬೇಕಾಗಿಲ್ಲ.

ಮೀಥೈಲ್‌ಫೆನಿಡೇಟ್ ಕಾನೂನಿನ ಬಿಗಿ ಇರುವ ಔಷಧಿ. ಎಲ್ಲ ಮೆಡಿಕಲ್ ಸ್ಟೋರ್‌ನಲ್ಲೂ ಇಡುವುದಿಲ್ಲ, ಚೀಟಿ ಇಲ್ಲದೆ ಕೊಡುವುದಿಲ್ಲ, ಹಳೇ ಚೀಟಿ ತೋರಿಸಿದರೂ ಕೊಡದಿರಬಹುದು. ಬರೆಸಿಕೊಂಡ ದಿನವೇ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಆಸ್ಪತ್ರೆಯಲ್ಲೇ ಕೇಳಿಕೊಂಡು ಬನ್ನಿ. ಮಾತ್ರೆಯ ಕೊನೆಯ ಹಾಳೆ ಒಡೆಯುವ ಹೊತ್ತಿಗೆ ಮುಂದಿನ ಭೇಟಿಯ ದಿನ ಗೊತ್ತಾಗಿರಬೇಕು, ಅದರಲ್ಲೂ ದಸರಾ ರಜೆಯ ಮುಂಚೆ.